ಭೂಮಿಗೆ ಸುತ್ತಿದ ಹಗ್ಗ

ಒಗಟು ಕೇಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಉತ್ತರವನ್ನು ಕಿಸೆಯಲ್ಲಿಟ್ಟುಕೊಂಡು ಪ್ರಶ್ನೆಯನ್ನು ಮಾತ್ರ ಹೊರಗೆ ತೆಗೆಯುವ ಈ ಜನ, ಎದುರಿನವನ ಮುಖ ಪೆಚ್ಚಾಗುವುದನ್ನೇ ಕಾಯುತ್ತಿರುತ್ತಾರೆ. ಇಪ್ಪತ್ತಮೂರು ಜನ ಸೇರಿದರೆ ಅವರಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬೀಳುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಂತೆ. ಅದೇನು ಮಹಾ! ನಮ್ಮ ಕಾರವಾರ–ಅಂಕೋಲಾ ಬಸ್ಸಿನಲ್ಲಿ ಅರ್ಧ ಜನ, ಶಾಲೆಗೆ ಸೇರಿಸುವಾಗ ಮಾಸ್ತರರು ಬರೆದುಕೊಂಡ ಜೂನ್ ಒಂದರಂದೇ ಹುಟ್ಟಿದವರು.

ಒಗಟು ಕೇಳುವ ಆ ಜನರಲ್ಲಿ ನಾನೂ ಒಬ್ಬನಾಗಿದ್ದೆ, ಹೇಳಿಬಿಡುತ್ತೇನೆ. ಆಗಷ್ಟೇ ಮೊಬೈಲು ಕೊಂಡಿದ್ದೆ. ಎಸ್ಸೆಮ್ಮೆಸ್ಸಿನಲ್ಲಿ ಬಂದ ಒಗಟುಗಳನ್ನು ಸ್ವಂತದ್ದೆಂಬಂತೆ ಬಸ್ಸಿನಲ್ಲಿ ಕೇಳುತ್ತಿದ್ದೆ. ಪಕ್ಕದಲ್ಲಿ ಗಣಪತಿ, ಅಂಕೋಲೆಯ ನಮ್ಮ ಕಚೇರಿಯ ಜವಾನ, ಮಾಜಾಳಿಯವನು. ಎಂಟು ವರ್ಷ ಅವನು ಕಾರವಾರ ನಿಲ್ದಾಣದಲ್ಲಿ ನನಗಿಂತ ಮೊದಲೇ ಬಂದು, ಬಸ್ಸು ನಿಲ್ಲುವಷ್ಟರಲ್ಲಿ ಕಿಟಕಿಯೊಳಗೆ ಕರವಸ್ತ್ರ ಎಸೆದು ಇಬ್ಬರಿಗೂ ಜಾಗ ಹಿಡಿದಿದ್ದ. ಕಿಟಕಿಯ ಪಕ್ಕ ಯಾವಾಗಲೂ ನನಗೆ.

ಒಂದು ದಿನ ಅರ್ಗಾ ದಾಟುವಾಗ ಕೇಳಿದೆ: ಭೂಮಿಯ ಸೊಂಟಕ್ಕೆ ಬಿಗಿಯಾಗಿ ಹಗ್ಗ ಸುತ್ತಿದೆ. ಅದು ಸುತ್ತಲೂ ನೆಲದಿಂದ ಒಂದು ಮೊಳ ಮೇಲೇಳಬೇಕಾದರೆ ಎಷ್ಟು ಹಗ್ಗ ಸೇರಿಸಬೇಕು? ಮುಂದಿನ ಸೀಟಿನ ಮಾಸ್ತರರು ಸಾವಿರಾರು ಮೈಲಿ ಎಂದರು. ನಾನು ನಗಲು ಬಾಯಿ ತೆರೆದಿದ್ದೆ.

"ಆರು ಮೊಳ, ಮೇಲೆ ಅರ್ಧ ಗೇಣು," ಎಂದ ಗಣಪತಿ.

ಸರಿಯುತ್ತರ! ಅದೂ ಒಂಬತ್ತನೇ ಇಯತ್ತೆ ಫೇಲಾದವನ ಬಾಯಲ್ಲಿ.

"ಕಚೇರಿ ಮೇಜಿನ ಮೇಲಿಟ್ಟ ನನ್ನ ಮೊಬೈಲು ಕದ್ದು ನೋಡಿದ್ಯೇನೋ?" ಎಂದೆ, ಇಡೀ ಬಸ್ಸಿಗೆ ಕೇಳುವಂತೆ.

ಮರುದಿನದಿಂದ ಕರವಸ್ತ್ರವಿಲ್ಲ. ಹದಿನೈದು ದಿನ ಕಂಬಿ ಹಿಡಿದು ನಿಂತೇ ಅಂಕೋಲೆಗೆ ಹೋದೆ. ಕಾಲುನೋವು ದೊಡ್ಡದಲ್ಲ, ಮೂರು ಸೀಟಿನಾಚೆ ಅವನು ನನ್ನತ್ತ ತಿರುಗದೆ ಕೂತಿರುತ್ತಿದ್ದುದನ್ನು ಸಹಿಸಲಾಗುತ್ತಿರಲಿಲ್ಲ. ಎಸ್ಸೆಮ್ಮೆಸ್ಸಿನ ಒಗಟೊಂದಕ್ಕೆ ಎಂಟು ವರ್ಷದ ಗೆಳೆಯನನ್ನು ಕಳೆದುಕೊಂಡ ಜಾಣ ನಾನು.

ಭಾನುವಾರ ಮಾಜಾಳಿಗೆ ಹೋದೆ. ಗಣಪತಿ ಜಗಲಿಯಲ್ಲಿ ಕೂತು ದುಂಡನೆಯ ಬೀಸುಬಲೆಯ ಅಂಚಿಗೆ ಸೀಸದ ಗುಂಡು ಕಟ್ಟುತ್ತಿದ್ದ. ಕ್ಷಮೆ ಕೇಳಲು ಬಾಯಿ ಬಾರದೆ, ಆ ಉತ್ತರ ಹೇಗೆ ಗೊತ್ತಾಯಿತೆಂದು ಕೇಳಿದೆ.

"ಬಲೆ ನೆತ್ತಿಯಿಂದ ಅಂಚಿಗೆ ಒಂದು ಮೊಳ ಉದ್ದ ಮಾಡಿದ್ರೆ, ಅಂಚಿನ ಹಗ್ಗ ಆರು ಮೊಳ ಅರ್ಧ ಗೇಣು ಹೆಚ್ಚು ಬೇಕು, ಸಾಹೇಬ್ರೆ. ಸಣ್ಣ ಬಲೆಗೂ ಅಷ್ಟೇ, ದೊಡ್ಡದಕ್ಕೂ ಅಷ್ಟೇ. ಅಪ್ಪ ಕಲಿಸಿದ್ದು. ಭೂಮಿಗೆ ಬೇರೆ ಲೆಕ್ಕ ಉಂಟಾ?"

"ತಪ್ಪಾಯ್ತು ಮಾರಾಯ," ಎಂದೆ.

ಅವನು ಗಂಟು ಬಿಗಿದು, ತಲೆಯೆತ್ತದೆ, "ಚಾ ಕುಡ್ಕೊಂಡು ಹೋಗಿ," ಎಂದ.

ಸೋಮವಾರ ಸೀಟಿನ ಮೇಲೆ ಕರವಸ್ತ್ರವಿತ್ತು. ಕಿಟಕಿಯ ಪಕ್ಕ ಮಾತ್ರ ಗಣಪತಿ ಕೂತಿದ್ದ. ಅಂದಿನಿಂದ ಆ ಜಾಗ ಅವನದೇ. ಯಾಕೆಂದು ನಾನು ಕೇಳಿಲ್ಲ. ಉತ್ತರ ಗೊತ್ತಿರುವ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದೇನೆ.