ಒಂಬೈನೂರ ಅರವತ್ತು ಕಿಲೋಮೀಟರ್ ಅಂದರೆ ಎಷ್ಟು ಹೊತ್ತು

ನೆದರ್‌ಲ್ಯಾಂಡ್ಸ್‌ನ ಟಿಲ್‌ಬರ್ಗ್‌ನಲ್ಲಿ ವಿಮಾನಗಳನ್ನು ಬಾಡಿಗೆಗೆ ಓಡಿಸುವ ಒಂದು ಪುಟ್ಟ ಚಾರ್ಟರ್ ಕಂಪನಿಗೆ ನಿಖಿತಾ ಸೇರಿ ಮೂರು ವಾರವಾಗಿತ್ತು. ಅದೇ ದೇಶದ ಎನ್ಸ್‌ಕೆಡೆಯಲ್ಲಿ ಓದು ಮುಗಿಸಿದವಳಿಗೆ ಲೆಕ್ಕವೆಂದರೆ ನೀರು ಕುಡಿದಷ್ಟು ಸಲೀಸು. ಅವಳಿಗೆ ಕೆಲಸ ಕಲಿಸುತ್ತಿದ್ದವರು ಚಂದ್ರಪ್ರಭಾ. ವಯಸ್ಸು ಐವತ್ತೊಂದು. ಒಂದು ಕಾಲಕ್ಕೆ ದಾವಣಗೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಗಂಡನ ಜೊತೆ ಇಲ್ಲಿನ ಬೆಸ್ಟ್ ಎಂಬ ಊರಿಗೆ ಬಂದ ಮೇಲೆ ನಾಲ್ಕು ವರ್ಷ ಗೋದಾಮಿನಲ್ಲಿ ಪಾರ್ಸೆಲ್ ಸ್ಕ್ಯಾನ್ ಮಾಡಿದರು. ಊಟದ ಬಿಡುವಿನಲ್ಲೇ ಓದಿ, ಎರಡು ಸಲ ಫೇಲಾಗಿ, ಮೂರನೇ ಸಲಕ್ಕೆ ವಿಮಾನದ ದಾರಿ ಮತ್ತು ಇಂಧನದ ಲೆಕ್ಕ ಹಾಕುವ ಪರೀಕ್ಷೆ ಪಾಸಾದರು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಹಿಮನದಿಗಳನ್ನು ಅಧ್ಯಯನ ಮಾಡುವ ನಾಲ್ವರನ್ನು ನಾರ್ವೆಯ ಟ್ರೋಮ್ಸೋದಿಂದ ಸಮುದ್ರದಾಚೆ, ಇನ್ನೂ ಉತ್ತರದ ಲಾಂಗ್‌ಇಯರ್‌ಬೈನ್‌ಗೆ ಮುಟ್ಟಿಸಬೇಕಿತ್ತು.

"ಅಕ್ಕ, ಡಿಸ್ಟೆನ್ಸ್ ಸುಮಾರು ಒಂಬೈನೂರ ಅರವತ್ತು ಕಿಲೋಮೀಟರ್. ನಮ್ಮ ಪ್ಲೇನ್ ಸ್ಪೀಡಿಗೆ ಎರಡು ಗಂಟೆ," ಎಂದಳು ನಿಖಿತಾ.

"ಗಾಳಿ ನೋಡಿದ್ಯಾ?"

ನೋಡಿರಲಿಲ್ಲ. ಗಂಟೆಗೆ ಎಂಬತ್ತು ಕಿಲೋಮೀಟರ್ ಎದುರುಗಾಳಿ. ಎರಡು ಗಂಟೆ ಹೋಗಿ ಎರಡು ಗಂಟೆ ಇಪ್ಪತ್ನಾಲ್ಕು ನಿಮಿಷವಾಯಿತು.

"ಅಲ್ಲಿ ಇಳಿಯೋಕೆ ಆಗ್ಲಿಲ್ಲ ಅಂದ್ರೆ?"

ನಿಖಿತಾ ಪರದೆಯ ಮೇಲೆ ನಕ್ಷೆ ಎಳೆದಾಡಿದಳು. ಆ ಹವೆಯಲ್ಲಿ ನಂಬಿ ಇಳಿಯಬಹುದಾದ ಇನ್ನೊಂದು ರನ್‌ವೇ ಹತ್ತಿರದಲ್ಲೆಲ್ಲೂ ಇರಲಿಲ್ಲ.

"ಹಾಗಾದ್ರೆ ವಾಪಸ್ ಬರೋಷ್ಟು ಇಂಧನಾನೂ ತುಂಬ್ಬೇಕು," ಎಂದರು ಚಂದ್ರಪ್ರಭಾ. ಹೆಚ್ಚಿದ ಇಂಧನದ ತೂಕ ಹೊಂದಿಸಲು ಅಧ್ಯಯನ ತಂಡದ ಸಲಕರಣೆಯ ಎರಡು ಪೆಟ್ಟಿಗೆ ಇಳಿಸಬೇಕಾಯಿತು.

ತಂಡದ ಮುಖ್ಯಸ್ಥ ಫೋನ್ ಮಾಡಿ ರೇಗಿದ. ಪೆಟ್ಟಿಗೆಯಿಲ್ಲದೆ ಹೋಗಿ ನಾವೇನು ಮಾಡಬೇಕು, ಇದಕ್ಕೇನಾ ನಿಮ್ಮನ್ನು ಗೊತ್ತು ಮಾಡಿದ್ದು ಎಂದ. ಚಂದ್ರಪ್ರಭಾ ಪೂರ್ತಿ ಕೇಳಿಸಿಕೊಂಡು ನಿಧಾನವಾಗಿ ಡಚ್‌ನಲ್ಲಿ ಹೇಳಿದರು: "ಪೆಟ್ಟಿಗೆ ಆಮೇಲೆ ಕಳಿಸ್ತೀನಿ. ಇಂಧನ ಕಡಿಮೆ ಮಾಡಿದ್ರೆ ವಿಮಾನ ಹೊರಡೋಕೆ ನಾನು ಸಹಿ ಹಾಕಲ್ಲ."

ವಿಮಾನ ಟ್ರೋಮ್ಸೋದಿಂದ ಹತ್ತಕ್ಕೆ ಹೊರಟಿತು. ಅಲ್ಲಿಗೆ ತಲುಪುವಷ್ಟರಲ್ಲಿ ಹಿಮಗಾಳಿ ಎದ್ದು ರನ್‌ವೇ ಕಾಣದಾಯಿತು. ಇಪ್ಪತ್ತು ನಿಮಿಷ ಸುತ್ತು ಹೊಡೆದ ಪೈಲಟ್‌ಗಳು ವಾಪಸ್ ತಿರುಗಿದರು. ನಿಖಿತಾ ಇಂಧನದ ಲೆಕ್ಕವನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ಚಂದ್ರಪ್ರಭಾ ಮಾತ್ರ ಪರದೆಯ ಮೇಲೆ ವಿಮಾನವಿರುವ ಜಾಗ ತೋರಿಸುವ ಚುಕ್ಕೆಯಿಂದ ಕಣ್ಣು ಕೀಳದೆ ಕೂತಿದ್ದರು. ಈಗ ಗಾಳಿ ಬೆನ್ನಿಗಿತ್ತು. ಒಂದೂ ಮುಕ್ಕಾಲು ಗಂಟೆಯಲ್ಲಿ ವಿಮಾನ ಟ್ರೋಮ್ಸೋದಲ್ಲಿ ಇಳಿಯಿತು. ಇನ್ನೂ ಮುಕ್ಕಾಲು ಗಂಟೆ ಹಾರುವಷ್ಟು ಇಂಧನ ಉಳಿದಿತ್ತು.

ನಿಖಿತಾ ಸುಮ್ಮನೆ ಇನ್ನೊಂದು ಲೆಕ್ಕ ಹಾಕಿದಳು. ಆ ಪೆಟ್ಟಿಗೆಗಳನ್ನು ಹೇರಿ ಅಷ್ಟು ತೂಕದ ಇಂಧನ ಕಡಿಮೆ ತುಂಬಿದ್ದರೆ, ದಡ ಇನ್ನೂರು ಕಿಲೋಮೀಟರ್ ದೂರವಿರುವಾಗಲೇ ಟ್ಯಾಂಕ್ ಖಾಲಿಯಾಗುತ್ತಿತ್ತು. ತಲೆಯೆತ್ತಿ ನೋಡಿದರೆ ಚಂದ್ರಪ್ರಭಾ ಊಟದ ಡಬ್ಬಿಯ ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದರು. ಡಬ್ಬಿ ಎರಡು ಸಲ ಕೈಯಿಂದ ಜಾರಿತು.

"ಅಕ್ಕ, ನಿಮಗೂ ಭಯ ಆಗಿತ್ತಾ?"

"ಆಗದೇ ಇರತ್ತಾ? ನಾಲ್ಕು ಜನ, ಇಬ್ಬರು ಪೈಲಟ್‌ಗಳು. ಮೊದಲು ಊಟ ಮಾಡು ಬಾ."

ನಿಖಿತಾ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದುಕೊಟ್ಟಳು.

ಮರುದಿನ ಹವೆ ತಿಳಿಯಾಯಿತು. ಮೊದಲು ತಂಡ ಹೋಯಿತು, ಹಿಂದೆಯೇ ಪೆಟ್ಟಿಗೆಗಳೂ ಹೋದವು. ಮುಖ್ಯಸ್ಥ ಅಲ್ಲಿಂದಲೇ ಫೋನ್ ಮಾಡಿ, ನಿನ್ನೆ ಹಾಗೆ ಕೂಗಾಡಬಾರದಿತ್ತು, ತಪ್ಪಾಯಿತು ಎಂದ. ಚಂದ್ರಪ್ರಭಾ ನಕ್ಕು, ಅಲ್ಲಿ ಚಳಿ ಎಷ್ಟಿದೆ ಎಂದು ವಿಚಾರಿಸಿದರು.