ಗುಡುಗಣ್ಣ ಬಾಯಿ ತೆರೆದ ಭಾನುವಾರ

ಬಸ್ ಡಿಪೋದಲ್ಲಿ ಅವನನ್ನು ಎಲ್ಲರೂ ಗುಡುಗಣ್ಣ ಎಂದೇ ಕರೆಯುತ್ತಿದ್ದರು. ಡ್ರೈವರ್ ಸೀಟಿನಲ್ಲಿ ಕೂತು "ಒಳಗೆ ಸರೀರಿ" ಎಂದರೆ ಹಿಂದಿನ ಬಸ್ಸಿನವರೂ ಸರಿದು ನಿಲ್ಲುತ್ತಿದ್ದರಂತೆ. ಕಂಠ ಅಷ್ಟು ದೊಡ್ಡದು. ಅದಕ್ಕೆ ತಕ್ಕ ಸ್ವರಜ್ಞಾನ ಮಾತ್ರ ಜೊತೆಗೆ ಬರಲಿಲ್ಲ.

ಅವನ ತಾಯಿಗೆ ಓದು ಬರುತ್ತಿರಲಿಲ್ಲ. ಚರ್ಚಿನಲ್ಲಿ ಹಾಡುವ ಕೀರ್ತನೆಗಳೇ ಆಕೆಯ ಬೈಬಲ್ಲು. ಪಾತ್ರೆ ತಿಕ್ಕುವಾಗ ಸೃಷ್ಟಿಯ ಹಾಡು, ಬಟ್ಟೆ ಒಣಹಾಕುವಾಗ ಪುನರುತ್ಥಾನದ ಹಾಡು. ಮಗ ಸೆರಗು ಹಿಡಿದು ಓಡಾಡುತ್ತಲೇ ಎಲ್ಲ ಚರಣಗಳನ್ನೂ ಬಾಯಿಪಾಠ ಮಾಡಿಕೊಂಡ. ಆದರೆ ಸಂಡೇ ಸ್ಕೂಲಿನಲ್ಲಿ ಮೊದಲ ಸಲ ಹಾಡಿದಾಗ ಟೀಚರ್ ಹಾರ್ಮೋನಿಯಂ ನಿಲ್ಲಿಸಿ, "ನೀನು ಬಾಯಿ ಆಡಿಸು ಮರಿ, ಸಾಕು. ಸದ್ದು ಬೇಡ" ಎಂದರು. ಟೀಚರ್ ಕೆಟ್ಟವರೇನಲ್ಲ; ಉಳಿದ ಮಕ್ಕಳು ಆಗಲೇ ಕಿವಿ ಮುಚ್ಚಿಕೊಂಡಿದ್ದರು. ಆ ಮಾತನ್ನು ಅವನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ತಲೆ ನರೆಯುವವರೆಗೂ ಚರ್ಚಿನಲ್ಲಿ ಬರೀ ತುಟಿ ಆಡಿಸಿದ. ಖಾಲಿ ಬಸ್ಸನ್ನು ಡಿಪೋಗೆ ತರುವಾಗ ಕಿಟಕಿಯ ಗಾಜು ಏರಿಸಿ, ಮನೆಯಲ್ಲಾದರೆ ಬಚ್ಚಲ ಬಾಗಿಲು ಹಾಕಿಕೊಂಡು ಮಾತ್ರ ಗಂಟಲು ಬಿಚ್ಚುತ್ತಿದ್ದ.

ತಮಾಷೆಯೆಂದರೆ, ಅವನ ಹೆಂಡತಿ ಚರ್ಚಿನ ಗಾಯನ ತಂಡದ ಮುಖ್ಯ ಗಾಯಕಿ. ಮದುವೆಯಾದ ಹೊಸತರಲ್ಲಿ ಬಚ್ಚಲಿನಿಂದ ಬಂದ ಸದ್ದಿಗೆ ಪೈಪು ಒಡೆಯಿತೆಂದು ಓಡಿಬಂದಿದ್ದಳು. "ಅಯ್ಯೋ, ನೀವಾ!" ಎಂದು ಆಗ ಶುರುವಾದ ನಗು ಇನ್ನೂ ನಿಂತಿಲ್ಲ.

ಹೀಗಿರುವಾಗ ಹೊಸ ಪಾಸ್ಟರ್ ಬಂದರು. ಅವರಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಗಾಯನ ತಂಡ ಸೊಗಸಾಗಿ ಹಾಡುತ್ತದೆ, ಸಭೆ ಸೊಗಸಾಗಿ ಕೇಳುತ್ತದೆ. ಒಂದು ಭಾನುವಾರ ಉಪದೇಶದಲ್ಲಿ ಅದನ್ನೇ ಎತ್ತಿಕೊಂಡರು.

"ಒಂದು ಕಾಲದಲ್ಲಿ ಎಷ್ಟೋ ಚರ್ಚುಗಳಲ್ಲಿ ಪಾದ್ರಿಗಳು, ಗಾಯಕರು ಮಾತ್ರ ಹಾಡ್ತಿದ್ರು. ಅದೂ ಜನಕ್ಕೆ ತಿಳಿಯದ ಭಾಷೇಲಿ. ಜನ ಕಂಬದ ಹಾಗೆ ನಿಂತಿರ್ತಿದ್ರು. ಆಮೇಲೆ ಅವರವರ ಮಾತಲ್ಲೇ ಕೀರ್ತನೆಗಳು ಬಂದ್ವು. ಅಕ್ಷರ ಗೊತ್ತಿಲ್ಲದವರೂ ಹಾಡಿ ಹಾಡಿ ನಂಬಿಕೆ ಕಲಿತ್ರು. ಕೀರ್ತನೆ ಅಂದ್ರೆ ಸಂಗೀತ ಕಚೇರಿ ಅಲ್ಲ. ದೇವರ ಕೃಪೆಗೆ ಸಭೆಯೆಲ್ಲ ಸೇರಿ ಕೊಡೋ ಉತ್ತರ. ನಿಮ್ಮ ಉತ್ತರಾನ ಬೇರೆಯವರು ಕೊಡೋಕಾಗತ್ತಾ?"

ಮುಂದಿನ ವಾರ ವಾದ್ಯ ಬೇಡ, ಗಾಯನ ತಂಡ ಜನರ ನಡುವೆ ಕೂರಲಿ, ಸಭೆ ಹಾಡುವವರೆಗೆ ಅವರು ಬಾಯಿ ತೆರೆಯುವುದು ಬೇಡ ಎಂದು ಅಪ್ಪಣೆಯಾಯಿತು.

ಗುಡುಗಣ್ಣನಿಗೆ ತಾಯಿ ಕಣ್ಣೆದುರು ಬಂದು ನಿಂತಂತಾಯಿತು. ಬಾಗಿಲ ಬಳಿ ಕೈಕುಲುಕುವಾಗ ಕೇಳಿಯೇಬಿಟ್ಟ. "ಪಾಸ್ಟರ್, ಅಪಸ್ವರ ದೇವರಿಗೆ ಕೇಳ್ಸಲ್ವಾ?"

"ಕೇಳಿಸದೆ ಏನು? ನನಗೇ ಕೇಳಿಸತ್ತೆ" ಎಂದು ಪಾಸ್ಟರ್ ನಕ್ಕರು. "ಆದ್ರೆ ಸುಮ್ಮನಿದ್ರೆ ಅದೂ ಕೇಳಿಸತ್ತಲ್ಲಪ್ಪ."

ಆ ಭಾನುವಾರ ಬಂತು. ಪಾಸ್ಟರೇ ಹಾಡು ಎತ್ತಿದರು, ಎತ್ತಿದ್ದು ತೀರಾ ಮೇಲಾಯಿತು. ಎರಡನೆಯ ಸಾಲಿಗೆ ಗಂಟಲು ಸಿಕ್ಕಿಕೊಂಡು ಕೆಮ್ಮು ಬಂತು. ಸಭೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಮುಂದುವರಿಸಲಿಲ್ಲ. ಅಮ್ಮ ಬಟ್ಟೆ ಒಣಹಾಕುವಾಗ ಹಾಡುತ್ತಿದ್ದ ಹಾಡು ಹೀಗೆ ಅರ್ಧ ದಾರಿಯಲ್ಲಿ ನಿಂತಿತಲ್ಲ ಎಂದು ಗುಡುಗಣ್ಣ ಚಡಪಡಿಸಿದ. ಆಗಿದ್ದಾಗಲಿ ಎಂದು ಬಾಯಿ ತೆರೆದ.

ಜಂತಿಯ ಮೇಲಿದ್ದ ಗುಬ್ಬಚ್ಚಿಗಳು ಕಿಟಕಿಯಿಂದ ಹಾರಿಹೋದವು. ಮುಂದಿನ ಬೆಂಚಿನಲ್ಲಿ ಕಿಸಕ್ಕೆಂದು ನಗು. ಅವನು ಕಣ್ಣು ಮುಚ್ಚಿ ಹಾಡುತ್ತಲೇ ಇದ್ದ. ಆಗ ಪಕ್ಕದಲ್ಲಿದ್ದ ಔಷಧಿ ಅಂಗಡಿಯವರಿಗೆ ಹೊಳೆಯಿತು: ಈ ಗುಡುಗಿನಲ್ಲಿ ನನ್ನ ಕೀರಲು ಸ್ವರ ಯಾರಿಗೆ ಕೇಳೀತು? ಮೆಲ್ಲಗೆ ಶುರುಮಾಡಿದರು. ಅದೇ ಧೈರ್ಯ ಹಿಂದಿನ ಬೆಂಚಿನ ಅತ್ತೆ ಸೊಸೆಯರಿಗೂ ಬಂತು. ನಾಚಿಕೆಯಿಂದ ವರ್ಷಗಟ್ಟಲೆ ಮುಚ್ಚಿದ್ದ ಬಾಯಿಗಳು ಅವನ ಸದ್ದಿನ ಮರೆಯಲ್ಲಿ ಒಂದೊಂದಾಗಿ ತೆರೆದವು. ಇನ್ನು ತಡೆಯಲಾರದೆ ಹೆಂಡತಿಯೂ ದನಿಗೂಡಿಸಿದಳು. ಕೊನೆಯ ಚರಣಕ್ಕೆ ಬರುವಷ್ಟರಲ್ಲಿ ಚರ್ಚಿನ ಕಿಟಕಿಗಳು ಅದುರುತ್ತಿದ್ದವು. ಪಾಸ್ಟರ್ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ಮನೆಗೆ ನಡೆಯುವಾಗ ಹೆಂಡತಿ ಹೇಳಿದಳು. "ರೀ, ಮಧ್ಯೆ ಒಂದು ಸಾಲು ಸರಿಯಾಗಿ ಹಾಡಿದ್ರಿ, ಗೊತ್ತಾ?"

"ಹೌದಾ! ಯಾವ ಸಾಲು?"

"ಹೇಳಲ್ಲ. ಹೇಳಿದ್ರೆ ಅದನ್ನೂ ಕೆಡಿಸ್ತೀರ."

ಆಮೇಲೆ ಪ್ರತಿ ವಾರವೂ ಸಭೆಯೇ ಹಾಡತೊಡಗಿತು. ಗಾಯನ ತಂಡಕ್ಕೂ ಕೆಲಸ ತಪ್ಪಲಿಲ್ಲ. ಜನರ ನಡುವೆ ಕೂತು ರಾಗ ದಾರಿ ತಪ್ಪದಂತೆ ನೋಡಿಕೊಂಡರು. ಗುಡುಗಣ್ಣನನ್ನು ಮುಂದೆ ಬಂದು ನಿಲ್ಲು ಎಂದು ಕರೆದರೆ ಒಪ್ಪಲಿಲ್ಲ. "ಮುಂದೆ ನಿಂತ್ರೆ ಎಲ್ರೂ ನನ್ನನ್ನೇ ಕೇಳ್ತಾ ಕೂರ್ತಾರೆ. ಬೇಡಪ್ಪ, ನಾನು ಇಲ್ಲೇ ಇರ್ತೀನಿ."

ಈಗ ಅವನು ನಿವೃತ್ತ. ಹಾಡಲು ನಾಚುವ ಹೊಸಬರು ಯಾರಾದರೂ ಬಂದರೆ, ಬಾಗಿಲಲ್ಲಿ ನಿಲ್ಲುವ ಹಿರಿಯರು ಸೀದಾ ಅವನ ಪಕ್ಕದ ಜಾಗ ತೋರಿಸುತ್ತಾರೆ. ಕಳೆದ ವಾರ ಒಬ್ಬ ನರ್ಸಮ್ಮ ಬಂದು ಕೂತಳು. ಅವನು ಬಾಯಿ ತೆರೆದೊಡನೆ ಬೆಚ್ಚಿಬಿದ್ದು, ಆಮೇಲೆ ನಗು ತಡೆಯಲಾರದೆ, ನಗುತ್ತ ನಗುತ್ತಲೇ ತಾನೂ ಹಾಡತೊಡಗಿದಳು.