ಬಾಯಮ್ಮನ ಮೆಷಿನ್ನಿನಲ್ಲಿ ಮಾತ್ರ ಇದ್ದ ರಸ್ತೆ

ಕಳೆದ ವಾರ ಹುಬ್ಬಳ್ಳಿಯಿಂದ ಬಂದು ಪರ್ಕಳದ ತಂಗಿಯ ಮನೆಯಲ್ಲಿ ಇಳಿದುಕೊಂಡಿದ್ದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಂದು ವಾಸನೆ ಮೂಗಿಗೆ ಬಡಿಯಿತು. ಬಿಸಿಯಾದ ಪ್ಲಾಸ್ಟಿಕ್ಕು, ಅದರ ಮೇಲೆ ಕೂತ ಧೂಳು, ಎರಡೂ ಸೇರಿ ಕಾಯುವ ವಾಸನೆ. ಒಳಗೆ ತಂಗಿಯ ಮಗಳು ಗೇಮ್ ಮೆಷಿನ್ನಿನ ಎದುರು ಮುಖ ಊದಿಸಿಕೊಂಡು ಕೂತಿದ್ದಳು. ಅವಳ ಆಟದಲ್ಲಿ ಒಂದು ಹೆಚ್ಚಿನ ಅಧ್ಯಾಯ ಇದೆಯಂತೆ, ಅದು ಇನ್ನೊಂದು ಕಂಪನಿಯ ಮೆಷಿನ್ನಿನಲ್ಲಿ ಮಾತ್ರ ಬರುತ್ತದಂತೆ. "ಅದೇ ಆಟ, ಅದೇ ಹೆಸರು. ಅವರಿಗೆ ಮಾತ್ರ ಯಾಕೆ ಕೊಡುವುದು?" ಎಂದು ನನ್ನನ್ನೇ ಗದರಿಸಿದಳು, ಕಂಪನಿ ನಡೆಸುವವಳು ನಾನೇ ಎನ್ನುವ ಹಾಗೆ. ನನಗೆ ಕೂರಲಾಗಲಿಲ್ಲ. ಬಾಲ್ಕನಿಗೂ ಅಡುಗೆಮನೆಗೂ ಸುಮ್ಮನೆ ಓಡಾಡಿದೆ. ನಾನು ಊರಿಗೆ ಬಂದದ್ದೇ ಶಿರ್ವದ ಬಾಯಮ್ಮ ತೀರಿಕೊಂಡು ತಿಂಗಳಾದದ್ದಕ್ಕೆ ಚರ್ಚಿನಲ್ಲಿ ಇಟ್ಟ ಪೂಜೆಗೆಂದು. ಆ ವಾಸನೆ ಅವರ ಮನೆಯ ಟಿವಿ ಕೋಣೆಯದು...

ನಾವು ಬಾಗಲಕೋಟೆ ಕಡೆಯವರು. ಅಪ್ಪ ಗೌಂಡಿ. ಗಲ್ಫ್ ದುಡ್ಡಿನಲ್ಲಿ ಕರಾವಳಿಯ ಶಿರ್ವದಲ್ಲಿ ಮನೆಯ ಮೇಲೆ ಮನೆ ಏಳುತ್ತಿದ್ದ ಕಾಲದಲ್ಲಿ ಕೆಲಸಕ್ಕೆಂದು ಬಂದವನು ಮತ್ತೆ ಊರಿನ ಬಸ್ಸು ಹತ್ತಲಿಲ್ಲ. ಬಾಯಮ್ಮನ ಮನೆಯ ಕೆಂಪುಕಲ್ಲಿನ ಗೋಡೆ ಕಟ್ಟಿದ್ದು ಅವನೇ. ಮನೆ ಮುಗಿದ ಮೇಲೂ ಹಿಂದಿನ ಶೆಡ್ಡಿನಲ್ಲಿ ನಾವು ಉಳಿದೆವು. ತೆಂಗಿಗೆ ನೀರು ಬಿಡಲು, ಕಾವಲಿಗೆ ಅವರಿಗೂ ಜನ ಬೇಕಿತ್ತು. ಅಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬುಗಳು ಎಂದೂ ಕರೆಯುವುದು ರೂಢಿ. ನಾವೂ ಹಾಗೆಯೇ ಕರೆದೆವು. ಆ ಮನೆಯ ಪೊರ್ಬುಗಳು, ಬಾಯಮ್ಮನ ಗಂಡ, ಗಲ್ಫಿನಲ್ಲಿದ್ದರು. ಮಕ್ಕಳಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಬಾಯಮ್ಮ ಒಬ್ಬರೇ, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು, ನೈಟಿ ಎತ್ತಿ ಸಿಕ್ಕಿಸಿ, ಮೆಟ್ಟಿಲು ಹತ್ತುತ್ತಾ ಇಳಿಯುತ್ತಾ ಇರುತ್ತಿದ್ದರು. ಕೂತಲ್ಲಿ ಕೂರದ ಗುಣ ನನ್ನದೂ ಹೌದು. ಅದಕ್ಕೇ ನಮಗಿಬ್ಬರಿಗೂ ಬೇಗ ಹೊಂದಿಕೆಯಾಯಿತು.

ಶುಕ್ರವಾರ ಗಲ್ಫಿನಲ್ಲಿ ರಜೆ, ಆ ದಿನ ಪೊರ್ಬುಗಳ ಫೋನು ಬರುತ್ತಿತ್ತು. ಬಾಯಮ್ಮ ಬೆಳಿಗ್ಗೆಯಿಂದಲೇ ತಳಮಳಿಸುತ್ತಿದ್ದರು. ಫೋನು ಬಂದರೆ ಮಾತೇ ಇಲ್ಲ. ಊಟ ಆಯಿತಾ, ಮಳೆ ಉಂಟಾ, ಬಾವಿಯಲ್ಲಿ ನೀರು ಎಷ್ಟು ಉಂಟು. ಅಷ್ಟೇ. ವರ್ಷಕ್ಕೊಮ್ಮೆ ರಜೆಯಲ್ಲಿ ಬಂದು ಹೋಗುವ ಗಂಡನ ಹತ್ತಿರ ಬೇರೆ ಏನು ಮಾತಾಡುವುದು? "ಇವರ ಹತ್ತಿರ ಮಾತಾಡುವಾಗ ನನಗೆ ಬ್ಯಾಂಕಿನಲ್ಲಿ ನಿಂತ ಹಾಗೆ ಆಗ್ತದೆ ಮಾರಾಯ್ತಿ" ಎಂದು ಒಮ್ಮೆ ನಗುತ್ತಾ ಹೇಳಿದ್ದರು. ನಗು ಮಾತ್ರ ಕಣ್ಣಿನವರೆಗೆ ಹೋಗಲಿಲ್ಲ.

ನಾನು ಕಾಲೇಜಿಗೆ ಸೇರಿದ ವರ್ಷ, ಊರಿಗೆ ಬಂದ ಯಾರದೋ ಕೈಯಲ್ಲಿ ಪೊರ್ಬುಗಳು ಟಿವಿಗೆ ಜೋಡಿಸುವ ಗೇಮ್ ಮೆಷಿನ್ ಕಳಿಸಿದರು. ಜೊತೆಗೆ ಒಂದೇ ಒಂದು ಕಾರು ಓಡಿಸುವ ಆಟದ ಸಿಡಿ. ಅಲ್ಲಿ ಅವರ ರೂಮಿನವರ ಕಂಪ್ಯೂಟರಿನಲ್ಲಿ ಅದೇ ಆಟವಿತ್ತು. ಕೆಲಸ ಮುಗಿದ ಮೇಲೆ ಎಲ್ಲರೂ ಪಾಳಿಯಲ್ಲಿ ಆಡುತ್ತಿದ್ದರಂತೆ. "ನೀನೂ ಆಡು, ಬೇಸರ ಹೋಗ್ತದೆ" ಎಂದು ಹೇಳಿ ಕಳಿಸಿದ್ದರು. ನಲವತ್ತು ದಾಟಿದ ಹೆಂಗಸು, ಸೈಕಲ್ಲನ್ನೂ ಮುಟ್ಟದವರು, ಕಾರು ಓಡಿಸುವುದುಂಟೇ ಎಂದು ನಾನು ಚೇಷ್ಟೆ ಮಾಡಿದೆ. ವಾರದೊಳಗೆ ಅವರು ನನ್ನನ್ನು ಹಿಂದೆ ಹಾಕಿದರು. ಬಂಗುಡೆ ಕೊಯ್ದು ಕೈ ತೊಳೆದು ಬಂದು ಕೂತರೆಂದರೆ ರಿಮೋಟಿಗೂ ಮೀನಿನ ವಾಸನೆ, ತಿರುವು ಬಂದಾಗ ಇಡೀ ಮೈ ಒಂದು ಪಕ್ಕಕ್ಕೆ ವಾಲುತ್ತಿತ್ತು.

ಮುಖ್ಯವಾದದ್ದು ಶುಕ್ರವಾರ. ಫೋನಿನಲ್ಲಿ ಈಗ ಮಾತೇ ಮುಗಿಯುತ್ತಿರಲಿಲ್ಲ. ಹಿಮದ ರಸ್ತೆಯಲ್ಲಿ ಬ್ರೇಕು ಎಲ್ಲಿ ಹಾಕಬೇಕು, ಕೆಂಪು ಕಾರು ಒಳ್ಳೆಯದಾ ನೀಲಿಯದಾ... ಪೊರ್ಬುಗಳು ಅಲ್ಲಿ ಸೋತ ರೇಸನ್ನು ಬಾಯಮ್ಮ ಇಲ್ಲಿ ಗೆದ್ದು ಹೇಗೆ ಎಂದು ಹೇಳಿಕೊಡುತ್ತಿದ್ದರು. ಕೊಂಕಣಿಯ ನಡುವೆ ಗೇರು, ಬ್ರೇಕು ಎಂದು ಕೇಳಿದಾಗ ಶೆಡ್ಡಿನಲ್ಲಿದ್ದ ನಮಗೂ ನಗು ಬರುತ್ತಿತ್ತು. ಗಂಡ ಹೆಂಡತಿ ಹೀಗೂ ಮಾತಾಡಬಹುದು ಎಂದು ನಾನು ಕಂಡದ್ದು ಅಲ್ಲಿಯೇ.

ಆ ಮೆಷಿನ್ನಿಗೊಂದು ಕೊರತೆಯಿತ್ತು. ಗೆದ್ದದ್ದನ್ನು ನೆನಪಿಟ್ಟುಕೊಳ್ಳುವ ಕಾರ್ಡು ಅದರ ಜೊತೆ ಬಂದಿರಲಿಲ್ಲ. ಮೆಷಿನ್ ಆಫ್ ಮಾಡಿದರೆ ಎಲ್ಲವೂ ಅಳಿಸಿಹೋಗಿ ಮತ್ತೆ ಮೊದಲ ರೇಸಿನಿಂದ ಶುರು. ಕರೆಂಟು ಹೋದರೂ ಅದೇ ಗತಿ. ಬಾಯಮ್ಮ ಊಟವಾದ ಕೂಡಲೇ ಕೂತು, ಕರೆಂಟನ್ನು ಶಪಿಸುತ್ತಾ, ಸಂಜೆಯ ತೇರ್ಸ ಪ್ರಾರ್ಥನೆಯ ಹೊತ್ತಿಗೆ ಕೊನೆಯ ರೇಸು ಮುಟ್ಟಲು ಹೆಣಗುತ್ತಿದ್ದರು. ಎಷ್ಟೋ ಮಧ್ಯಾಹ್ನ ಅರ್ಧಕ್ಕೇ ನಿಂತಿತು. ಒಂದು ದಿನ ಎಲ್ಲವನ್ನೂ ಗೆದ್ದರು. ಆಗ ಹೊಸದೊಂದು ರಸ್ತೆ ತೆರೆದುಕೊಂಡಿತು. ಅದರಲ್ಲಿ ಎದುರಾಳಿಗಳಿಲ್ಲ, ಗಡಿಯಾರವಿಲ್ಲ. ಒಂದು ಪಕ್ಕ ಸಮುದ್ರ, ತುದಿಯಲ್ಲಿ ಬಂಡೆ, ಬಂಡೆಯ ಮೇಲೊಂದು ದೀಪಸ್ತಂಭ.

"ನಮ್ಮ ಕಾಪು! ನೋಡು, ಕಾಪುವೇ ಅಲ್ವಾ ಇದು?" ಬಾಯಮ್ಮ ಕಾರನ್ನು ಬಂಡೆಯ ಬುಡದಲ್ಲಿ ನಿಲ್ಲಿಸಿಬಿಟ್ಟರು. ಮದುವೆಯಾದ ಹೊಸದರಲ್ಲಿ ಅವರಿಬ್ಬರೂ ಕಾಪುವಿನ ದೀಪಸ್ತಂಭ ನೋಡಲು ಹೋಗಿದ್ದರಂತೆ. ಮೇಲೆ ಹತ್ತಿದ ಮೇಲೆ ಪೊರ್ಬುಗಳಿಗೆ ತಲೆ ತಿರುಗಿ, ಇವರ ಕೈ ಹಿಡಿದುಕೊಂಡೇ ಕೆಳಗಿಳಿದರಂತೆ. ಅದನ್ನು ಹೇಳುವಾಗ ಅವರ ಮುಖ ಕೆಂಪಾಯಿತು. ಶುಕ್ರವಾರ ಬರುವವರೆಗೆ ಅವರಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಶುಕ್ರವಾರ ಹೇಳಿದರು. ಪೊರ್ಬುಗಳು ಮೊದಲು ನಕ್ಕರು. ತಮ್ಮದರಲ್ಲಿ ಎಲ್ಲ ರೇಸು ಮುಗಿದಿದೆ, ಅಂಥ ರಸ್ತೆ ಇಲ್ಲ ಎಂದರು. ಇವರು ಉಂಟು ಎಂದರು. ಮುಂದಿನ ಶುಕ್ರವಾರ ಅವರು ನಗಲಿಲ್ಲ. ರೂಮಿನವರಲ್ಲಿ ವಿಚಾರಿಸಿದ್ದರು, ಕಂಪ್ಯೂಟರ್ ಕಲಿತವನೊಬ್ಬ ಈ ಆಟದಲ್ಲಿ ಸಮುದ್ರವೇ ಇಲ್ಲ, ಅದು ಬೇರೆ ಸಿಡಿ ಎಂದು ಆಣೆ ಮಾಡಿದ್ದನು. ಬಾಯಮ್ಮ ರಿಸೀವರ್ ಇಟ್ಟು ಬಹಳ ಹೊತ್ತು ಅಲ್ಲೇ ನಿಂತರು. ನಾನು ಕೇಳಿದ್ದಕ್ಕೆ, "ಆ ಸಿಡಿ ಯಾರು ತಂದುಕೊಟ್ಟದ್ದು ಅಂತ ಕೇಳ್ತಾರೆ. ಮನೆಗೆ ಯಾರು ಬರ್ತಾರೆ ಅಂತ" ಎಂದರು. ಧ್ವನಿ ಅವರದೆಂದು ಅನಿಸಲಿಲ್ಲ.

ಗಂಡ ಗಲ್ಫಿನಲ್ಲಿರುವ ಹೆಂಗಸಿನ ಮೇಲೆ ಊರಿಗೆ ಊರೇ ಕಣ್ಣಿಟ್ಟಿರುತ್ತದೆ. ಅಂಗಳದಲ್ಲಿ ಯಾರ ಬೈಕು ನಿಂತಿತು ಎನ್ನುವುದು ಕಡಲು ದಾಟಿ ಸುದ್ದಿಯಾಗುತ್ತದೆ. ಅದನ್ನು ಅರಿತು ಬಾಯಮ್ಮ ಎಲೆಕ್ಟ್ರಿಷಿಯನ್ ಬಂದರೂ ನನ್ನನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದರು. ಅಂಥವರನ್ನು ಹೀಗೆ ಕೇಳುವುದೇ? ನನಗೆ ಮೈಯೆಲ್ಲ ಉರಿಯಿತು. ಈಗ ಬರೆಯುವಾಗಲೂ ಉರಿಯುತ್ತದೆ.

ಕೆಲವೇ ದಿನಗಳಲ್ಲಿ ಕಾರ್ಕಳದಿಂದ ಪೊರ್ಬುಗಳ ತಮ್ಮ ಬಂದ. ಸುಮ್ಮನೆ ಬಂದೆ ಎಂದ. ಚಹಾ ಕುಡಿಯುತ್ತಾ ಶೋಕೇಸು ತೆರೆದು ನೋಡಿದ, ಟಿವಿಯ ಹಿಂದೆ ನೋಡಿದ. ಹೋಗುವಾಗ ಶೆಡ್ಡಿನ ಹತ್ತಿರ ನಿಂತು ನನ್ನನ್ನು, "ಈ ಸಿಡಿ ಗಿಡಿ ಕೊಡ್ಲಿಕ್ಕೆ ಹುಡುಗರು ಯಾರಾದರೂ ಬರುವುದುಂಟಾ?" ಎಂದು ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅಡ್ಡ ಬಂದ. "ಯಾರೂ ಬರಂಗಿಲ್ಲರೀ ಸಾಹೇಬ್ರ. ಈ ಮನೀ ಬಾಗಲಾ ಕೂಡ್ಸಿದವ ನಾನು. ಯಾರು ದಾಟ್ತಾರ, ಯಾರು ದಾಟಂಗಿಲ್ಲ ನನಗ ಗೊತ್ತೈತಿ." ಬಂದವನು ಸ್ಕೂಟರ್ ಹತ್ತಿ ಹೋದ. ಒಂದೇ ಸಿಡಿ ಸಿಕ್ಕಿತೆಂದು ಅಣ್ಣನಿಗೆ ಹೇಳಿರಬೇಕು. ಹುಡುಕಿದರೆ ಸಿಗದ್ದು ಬಚ್ಚಿಟ್ಟದ್ದೇ ಇರಬೇಕಲ್ಲ... ಪೊರ್ಬುಗಳ ಅನುಮಾನ ತೀರಲಿಲ್ಲ.

ನನಗೆ ತಡೆಯಲಾಗಲಿಲ್ಲ. ಕಾಲೇಜು ತಪ್ಪಿಸಿ ಮಣಿಪಾಲದ ಬಸ್ಸು ಹಿಡಿದೆ. ಹಾಸ್ಟೆಲಿನ ಹುಡುಗರು ಆಡುವ ಗೇಮ್ ಪಾರ್ಲರೊಂದು ಅಲ್ಲಿತ್ತು. ಒಳಗೆ ಹುಡುಗಿ ಬಂದಳೆಂದು ಎಲ್ಲರೂ ತಿರುಗಿ ನೋಡಿದರು. ನೋಡಲಿ ಎಂದುಕೊಂಡು ಕೌಂಟರಿನಲ್ಲಿದ್ದವನನ್ನು ಕೇಳಿದೆ. ಅವನು ತಲೆ ಎತ್ತದೆಯೇ ಹೇಳಿದ: "ಹೌದು, ಆ ಸಮುದ್ರದ ರಸ್ತೆ ಟಿವಿ ಮೆಷಿನ್‌ನಲ್ಲಿ ಮಾತ್ರ ಉಂಟು. ಕಂಪ್ಯೂಟರ್‌ಗೆ ಕೊಡ್ಲಿಲ್ಲ. ಎಲ್ಲ ಕಡೆ ಎಲ್ಲವನ್ನೂ ಕೊಟ್ಟರೆ ಆ ಮೆಷಿನ್ ಯಾರು ತಗೊಳ್ತಾರೆ, ಅಲ್ವಾ?"

ಇಷ್ಟೇ ವಿಷಯ! ಯಾವುದೋ ದೇಶದ ವ್ಯಾಪಾರಿಗಳು ತಮ್ಮ ಮೆಷಿನ್ ಮಾರಲು ಒಂದು ರಸ್ತೆಯನ್ನು ಒಂದರಲ್ಲಿಟ್ಟು ಇನ್ನೊಂದರಲ್ಲಿ ತೆಗೆದಿದ್ದರು. ಅದಕ್ಕೆ ಶಿರ್ವದಲ್ಲಿ ಒಬ್ಬ ಹೆಂಗಸು ಅನ್ನ ಬಿಟ್ಟಿದ್ದರು. ಓಡಿ ಬಂದು ಹೇಳಿದೆ. ಶುಕ್ರವಾರ ಫೋನು ನನಗೆ ಕೊಡಿ, ನಾನೇ ಪೊರ್ಬುಗಳಿಗೆ ಬಿಡಿಸಿ ಹೇಳುತ್ತೇನೆ ಎಂದೆ. ಬಾಯಮ್ಮ ತೆಂಗಿನಕಾಯಿ ತುರಿಯುತ್ತಿದ್ದರು, ಕೈ ನಿಲ್ಲಿಸಲಿಲ್ಲ.

"ಬೇಡ."

"ಯಾಕೆ ಬಾಯಮ್ಮ?"

"ನೀನು ಯಾಕೆ ಹೇಳುವುದು? ನಾನು ಹೇಳಿ ಆಗಿದೆ ಅಲ್ವಾ."

ಆ ಶುಕ್ರವಾರಗಳು ಹೇಗೆ ಕಳೆದವೋ... ಫೋನು ಬರುತ್ತಿತ್ತು, ಬೇಗ ಮುಗಿಯುತ್ತಿತ್ತು.

ಡಿಸೆಂಬರಿನಲ್ಲಿ ಪೊರ್ಬುಗಳು ರಜೆಯಲ್ಲಿ ಬಂದರು. ಕ್ರಿಸ್ಮಸ್ಸಿನ ಮಾರನೆಯ ದಿನ ಕಾರ್ಕಳದ ತಮ್ಮನೂ ಬಂದಿದ್ದ. ಊಟವಾದ ಮೇಲೆ ಬಾಯಮ್ಮ ನನ್ನನ್ನೂ ಅಪ್ಪನನ್ನೂ ಕರೆದರು. ಹಬ್ಬದ ಸೀರೆಯಲ್ಲಿದ್ದರು. ಸಿಡಿಯನ್ನು ಗಂಡನ ಕೈಗೆ ಕೊಟ್ಟು, ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ, "ನೀವು ಕಳಿಸಿದ್ದು ಇದೇ ಅಲ್ವಾ? ನೀವೇ ಹಾಕಿ" ಎಂದರು. ಪೊರ್ಬುಗಳು ತಿರುಗಿಸಿ ನೋಡಿ, ಹೌದೆಂದು ತಲೆಯಾಡಿಸಿ, ಮೆಷಿನ್ನಿಗೆ ಹಾಕಿದರು. ಬಾಯಮ್ಮ ನೆಲದ ಮೇಲೆ ಕೂತು ಮೊದಲ ರೇಸಿನಿಂದ ಶುರು ಮಾಡಿದರು.

ಆ ಮಧ್ಯಾಹ್ನ ಕರೆಂಟು ಹೋದರೆ ಎಲ್ಲ ಮುಗಿಯಿತು. ಫ್ಯಾನು ಸ್ವಲ್ಪ ನಿಧಾನವಾದರೂ ತಲೆ ಎತ್ತಿ ನೋಡುತ್ತಿದ್ದೆ. ಬಾಗಿಲಲ್ಲಿ ನಿಂತ ಅಪ್ಪ ಹೊರಗಿನ ಮೀಟರ್ ಬೋರ್ಡನ್ನೇ ನೋಡುತ್ತಿದ್ದ, ನೋಡಿದರೆ ಕರೆಂಟು ಹೆದರಿ ನಿಲ್ಲುತ್ತದೆ ಎನ್ನುವಂತೆ. ಬಾಯಮ್ಮ ಈ ಸಲ ಮೈ ವಾಲಿಸಲಿಲ್ಲ. ಕೊನೆಯ ರೇಸಿನಲ್ಲಿ ಎರಡನೆಯವರಾದರು. ತಮ್ಮ ಕೆಮ್ಮಿದ. ಅವರು ಸೆರಗಿನಿಂದ ಅಂಗೈ ಒರೆಸಿಕೊಂಡು ಆ ರೇಸನ್ನು ಮತ್ತೆ ಆಡಿದರು. ಗೆದ್ದರು. ಸಮುದ್ರ ಬಂತು, ಬಂಡೆ ಬಂತು, ದೀಪಸ್ತಂಭ ಬಂತು.

"ಅರೆರೆ! ಉಂಟು ಮಾರಾಯ್ತಿ! ಹೌದು, ಉಂಟು!" ಪೊರ್ಬುಗಳು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಕಾಪುವಿನ ಹಾಗೆಯೇ! ನೋಡಾ, ನೋಡಾ" ಎಂದು ತಮ್ಮನ ಬೆನ್ನಿಗೆ ಗುದ್ದಿದರು. ಮುಖದಲ್ಲಿ ಅನುಮಾನದ ಲವಲೇಶವೂ ಉಳಿದಿರಲಿಲ್ಲ. ಕೆಟ್ಟ ಮನುಷ್ಯನಲ್ಲ ಅವರು, ಅದನ್ನು ಹೇಳಲೇಬೇಕು. ಹೆಂಡತಿಯ ಕೈಯಿಂದ ರಿಮೋಟ್ ತೆಗೆದುಕೊಂಡು ತಾವೇ ಓಡಿಸತೊಡಗಿದರು. ಬಾಯಮ್ಮ ಎದ್ದು ಒಳಗೆ ಹೋದರು.

ಅಡುಗೆಮನೆಗೆ ಹಿಂದೆಯೇ ಓಡಿದೆ. ಅವರು ಹಬ್ಬದ ತಿಂಡಿಯನ್ನು ತಟ್ಟೆಗೆ ಜೋಡಿಸುತ್ತಿದ್ದರು.

"ಗೆದ್ದಿರಲ್ಲ ಬಾಯಮ್ಮ!"

"ನಾನು ಎಂತ ಗೆದ್ದದ್ದು? ಅವರು ಟಿವಿಯನ್ನು ನಂಬಿದ್ದು." ಇನ್ನೆರಡು ತಿಂಡಿ ತಟ್ಟೆಗಿಟ್ಟು, "ನನಗೆ ಅದನ್ನು ಅವರಿಗೆ ತೋರಿಸ್ಲಿಕ್ಕೆ ಎಷ್ಟು ಆಸೆ ಇತ್ತು ಗೊತ್ತುಂಟಾ? ಹೀಗೆ ಅಲ್ಲ" ಎಂದರು. ಮತ್ತೆ ತಟ್ಟೆಯನ್ನು ನನ್ನ ಕೈಗಿಟ್ಟು ಹೊರಗಿನವರಿಗೆ ಕೊಡಲು ಹೇಳಿದರು.

ಆಮೇಲೆ ಅವರು ಆ ರಿಮೋಟನ್ನು ಮುಟ್ಟಲಿಲ್ಲ. ನಾನು ಒತ್ತಾಯಿಸಿದೆ, ಬೈದೆ, ಒಬ್ಬಳೇ ಕೂತು ಬೇಕೆಂದೇ ಸೋತು ಅವರನ್ನು ಕೆಣಕಲು ನೋಡಿದೆ. ಬರಲಿಲ್ಲ. ಮೆಷಿನ್ ಕಾರ್ಕಳದ ತಮ್ಮನ ಮಕ್ಕಳ ಪಾಲಾಯಿತು. ಪೊರ್ಬುಗಳು ಶುಕ್ರವಾರ ಆಟದ ಮಾತು ಎತ್ತಿದರೆ ಇವರು ಬಾವಿಯ ನೀರಿನ ಮಾತು ಎತ್ತುತ್ತಿದ್ದರು. ನಾನು ಮದುವೆಯಾಗಿ ಹುಬ್ಬಳ್ಳಿಗೆ ಹೋದೆ. ಪೊರ್ಬುಗಳು ಕೆಲಸ ಬಿಟ್ಟು ಬಂದ ಮೇಲೂ ಆ ಮನೆಯಲ್ಲಿ ಒಬ್ಬರು ಕೆಳಗಿದ್ದರೆ ಒಬ್ಬರು ಮಹಡಿಯಲ್ಲಿ ಇರುತ್ತಿದ್ದರು. ಜಗಳವಿಲ್ಲ, ಏನೂ ಇಲ್ಲ. ನನಗೆ ಮಾತ್ರ ಹೋದಾಗಲೆಲ್ಲ ಯಾರನ್ನಾದರೂ ಹಿಡಿದು ಅಲುಗಾಡಿಸಬೇಕು ಅನ್ನಿಸುತ್ತಿತ್ತು.

ಈ ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಪೊರ್ಬುಗಳು ನನ್ನನ್ನು ಹುಡುಕಿಕೊಂಡು ಬಂದರು. ಕೂದಲೆಲ್ಲ ಬೆಳ್ಳಗಾಗಿದೆ. ಬಂದವರಿಗೆ ಕೊಡುವ ಚಹಾದ ಲೋಟ ಕೈಯಲ್ಲಿ ಹಾಗೆಯೇ ಇತ್ತು, ಕುಡಿದಿರಲಿಲ್ಲ.

"ಒಂದು ಕೇಳ್ಲಿಕ್ಕಿತ್ತು ನಿನ್ನ ಹತ್ತಿರ" ಎಂದರು. "ಆ ಕಾರಿನ ಆಟ ಉಂಟಲ್ಲ, ಅಷ್ಟು ಚಂದ ಆಡ್ತಿದ್ದಳು. ಅದನ್ನು ಯಾಕೆ ಬಿಟ್ಟಳು ಅಂತ ನನಗೆ ಇವತ್ತಿನವರೆಗೆ ಗೊತ್ತಾಗ್ಲಿಲ್ಲ. ಎಷ್ಟು ಸಲ ಕೇಳಿದೆ. ಕೈ ನೋವು ಅಂತ ಹೇಳಿದಳು. ಸುಳ್ಳು ಅಂತ ನನಗೆ ಯಾವಾಗಲೂ ಅನಿಸ್ತಿತ್ತು. ನಿನಗಾದರೂ ಹೇಳಿದ್ದಳಾ?"

ನನ್ನ ಬಾಯಿಗೆ ಬೀಗವಿಲ್ಲ, ಅದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಇಷ್ಟು ವರ್ಷ ಹೇಳಬೇಕೆಂದು ಕಾದಿದ್ದದ್ದು ಪೂರ್ತಿ ನಾಲಿಗೆಯ ತುದಿಗೆ ಬಂತು. ಆದರೆ ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದರು. ಇನ್ನು ಹೇಳಿ ಯಾರಿಗೆ ಏನು ಸಿಗುತ್ತದೆ...

"ಹೌದು ಪೊರ್ಬುಗಳೇ, ಕೈ ನೋವೇ. ನನಗೂ ಅದನ್ನೇ ಹೇಳಿದ್ದರು" ಎಂದೆ.

ಅವರು ನನ್ನ ಮುಖವನ್ನು ಒಮ್ಮೆ ನೋಡಿದರು. "ಹೌದಾ? ನೀನು ಹೇಳಿದ ಮೇಲೆ ಸರಿ" ಎಂದು ನಿಟ್ಟುಸಿರು ಬಿಟ್ಟು, ತಣ್ಣಗಾದ ಚಹಾವನ್ನು ಕುಡಿದರು.